ಹಳೆ ಓಮ್ನಿಯ ಹಿಂದಿನ ಎಕ್ಸೆಲ್: ಬಿಚ್ಚುವ ಮೊದಲು ಸದ್ದು ಕೇಳಿ

ಸೇಡಂ ರಸ್ತೆಯಲ್ಲಿ ಕಲಬುರಗಿಗೆ ಬರುವಾಗ ನಮ್ಮ ಮಾರುತಿ ಓಮ್ನಿ ವ್ಯಾನಿನ ಹಿಂದಿನಿಂದ ‘ಗೂಂ’ ಅಂತ ಸದ್ದು ಶುರುವಾಯಿತು. ಮೊದಲು ಸಣ್ಣಗಿತ್ತು. ತಿಂಗಳು ಕಳೆಯುವಷ್ಟರಲ್ಲಿ ಹಿಂದೆ ಕೂತವರ ಮಾತು ಮುಂದೆ ಕೇಳದಷ್ಟು ಜೋರಾಯಿತು. ಒಂದು ಗ್ಯಾರೇಜಿನಲ್ಲಿ ಗಾಡಿ ಎತ್ತದೆಯೇ, ‘ಕ್ರೌನ್ ಹೋಗ್ಯಾದ್ರಿ, ಪೂರಾ ಹೌಸಿಂಗ್ ಬಿಚ್ಚಬೇಕು’ ಅಂದರು. ಕ್ರೌನ್ ಅಂದರೆ ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳ ಕಡೆ ತಿರುಗಿಸುವ ದೊಡ್ಡ ಹಲ್ಲುಚಕ್ರ, ಹೌಸಿಂಗ್ ಅಂದರೆ ಅದನ್ನೂ ಎಕ್ಸೆಲನ್ನೂ ಒಳಗಿಟ್ಟುಕೊಂಡ ಲೋಹದ ಕವಚ. ಇನ್ನೊಂದು ಕಡೆ ವಯಸ್ಸಾದ ಉಸ್ತಾದ್ ಒಬ್ಬರು ಹಿಂದಿನ ಗಾಲಿ ಎತ್ತಿಸಿದರು. ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತಾ ಇನ್ನೊಂದು ಕೈಯನ್ನು ಪಾಟಾ (ಹಿಂದಿನ ಸ್ಪ್ರಿಂಗ್ ಪಟ್ಟಿ) ಮೇಲೆ ಇಟ್ಟರು. ‘ಕ್ರೌನ್ ಅಲ್ರೀ ಸರ, ಎಡಗಡಿ ಬೇರಿಂಗ್ ಒಂದೇ. ನೀವೂ ಕೈ ಇಟ್ಟು ನೋಡ್ರಿ’ ಅಂದರು. ಇಟ್ಟೆ. ಬೀಸುಕಲ್ಲಿನಲ್ಲಿ ಜೋಳ ನುರಿಯುವಂಥ ಗರಗರ ಅಂಗೈಗೆ ತಾಗಿತು. ಬಲಗಡೆ ಅದೇ ರೀತಿ ನೋಡಿದರೆ ಬೆಣ್ಣೆಯಷ್ಟು ನುಣುಪು.

1984ರಲ್ಲಿ ಬಂದು 2019ರವರೆಗೆ ತಯಾರಾದ ಗಾಡಿ ಇದು. ನಮ್ಮ ಭಾಗದಲ್ಲಿ ಇನ್ನೂ ಸಾಕಷ್ಟು ಓಡುತ್ತಿವೆ. ಎಂಜಿನ್ ಮುಂದಿನ ಸೀಟಿನ ಕೆಳಗಿದ್ದರೂ ಓಡಿಸುವುದು ಹಿಂದಿನ ಗಾಲಿಗಳು. ಎಂಜಿನ್ನಿನ ಬಲವೂ ಗಾಡಿಯ ಹಿಂಭಾಗದ ಭಾರವೂ ಎರಡೂ ಬೀಳುವುದು ಎಕ್ಸೆಲ್, ಅಂದರೆ ಗಾಲಿ ತಿರುಗಿಸುವ ಉಕ್ಕಿನ ದಂಡದ ಮೇಲೆಯೇ. ಅದರ ಮೇಲೆ ತೊಗರಿ ಚೀಲ ಹೇರಿ ಗಂಜ್‌ಗೆ (ಕಾಳಿನ ಮಾರುಕಟ್ಟೆಗೆ) ಹೋದರೆ ಬೇರಿಂಗ್ ಎಷ್ಟು ದಿನ ತಡೆದೀತು? ಹೌಸಿಂಗ್ ಮೇಲೆ ಗಾಳಿಯಾಡಲು ಬ್ರೀದರ್ ಎಂಬ ಪುಟ್ಟ ದಾರಿ ಇರುತ್ತದೆ. ಅದರಲ್ಲಿ ಎರೆಮಣ್ಣಿನ ದೂಳು ಕಟ್ಟಿಕೊಂಡರೆ ಒಳಗೆ ಬಿಸಿಯಾದ ಗಾಳಿ, ಸೋರದಂತೆ ತಡೆಯುವ ಆಯಿಲ್ ಸೀಲನ್ನು ದಾಟಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಸೀಲ್ ಹಾಕಿಸಿದರೂ ಮತ್ತೆ ಮತ್ತೆ ಸೋರುತ್ತಿದ್ದರೆ ಮೊದಲು ಬ್ರೀದರ್ ನೋಡಿ.

ಓಡಿಸಿ ಕೇಳಿ

ರಿಂಗ್ ರೋಡ್ ಖಾಲಿ ಇರುವ ಹೊತ್ತಿಗೆ ಹೋಗಿ. ಜೊತೆಗೆ ಒಬ್ಬರನ್ನು ಹಿಂದೆ ಕೂರಿಸಿಕೊಳ್ಳಿ. ವೇಗ ಏರಿದಂತೆ ಗೂಂ ಎನ್ನುವ ಸದ್ದೂ ಏರಿ, ಎಕ್ಸಲರೇಟರ್ ಒತ್ತಿದರೂ ಬಿಟ್ಟರೂ ಒಂದೇ ಥರ ಇದ್ದರೆ ಗಾಲಿಯ ಬೇರಿಂಗ್ ಮೇಲೆ ಅನುಮಾನ ಪಡಿ. ಒತ್ತಿದಾಗ ಕುಂಯ್ ಎಂದು ಕೂಗಿ, ಬಿಟ್ಟ ತಕ್ಷಣ ದನಿ ಬದಲಾದರೆ ಕ್ರೌನ್-ಪಿನಿಯನ್ (ಪಿನಿಯನ್ ಅಂದರೆ ಕ್ರೌನನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ) ಅಥವಾ ಪಿನಿಯನ್ ಬೇರಿಂಗ್. ಕ್ಲಚ್ ಬಿಟ್ಟು ಗಾಡಿ ಎಳೆಯುವ ಹೊತ್ತಿಗೆ ‘ಟಕ್’ ಎಂದರೆ ಮೊದಲು ನೋಡಬೇಕಾದ್ದು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ಕೀಲು. ಶಾಫ್ಟ್ ಹಿಡಿದು ಹಿಂದೆ ಮುಂದೆ ತಿರುಚಿದರೆ ಕ್ರಾಸಿನ ಆಟ ಕಣ್ಣಿಗೇ ಕಾಣುತ್ತದೆ. ಅಗ್ಗದ ಕೆಲಸ ಅದು, ಅದನ್ನು ಬಿಟ್ಟು ಹೌಸಿಂಗಿಗೆ ಕೈ ಹಾಕಬಾರದು.

ಟೈರ್ ಕೂಡ ಬೇರಿಂಗಿನಂತೆಯೇ ಗೂಂ ಎನ್ನುತ್ತದೆ. ಆದರೆ ನುಣುಪಾದ ಡಾಂಬರಿನಿಂದ ಸಿಮೆಂಟ್ ರಸ್ತೆಗೆ ಹೋದಾಗ ಟೈರಿನ ಸದ್ದು ಬದಲಾಗುತ್ತದೆ. ಬೇರಿಂಗಿನದು ಬದಲಾಗುವುದಿಲ್ಲ.

ವಾಪಸ್ ಬಂದ ಮೇಲೆ ಎರಡೂ ಹಿಂದಿನ ಬ್ರೇಕ್ ಡ್ರಮ್‌ಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಎಲ್ಲವೂ ಬಿಸಿಯೇ ಇರುತ್ತದೆ. ಆದ್ದರಿಂದ ಎಡಕ್ಕೂ ಬಲಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನೋಡಿ. ಟೈರಿನ, ಗಾಡಿಯ ಕಡೆಗಿರುವ ಮೈ ಒದ್ದೆಯಾಗಿದ್ದರೆ ಬೆರಳಿಗೆ ಹಚ್ಚಿ ಮೂಸಿ. ದಪ್ಪಗಿದ್ದು ಗಂಧಕದ ವಾಸನೆ ಬಂದರೆ ಗೇರ್ ಆಯಿಲ್. ತೆಳ್ಳಗಿದ್ದು ನೀರಿನಲ್ಲಿ ಬೆರೆತರೆ ಬ್ರೇಕ್ ಆಯಿಲ್. ಯಾವುದೇ ಇರಲಿ, ಬ್ರೇಕ್ ಶೂಗೆ ಎಣ್ಣೆ ತಾಗಿದರೆ ಆ ಗಾಲಿ ಸರಿಯಾಗಿ ನಿಲ್ಲುವುದಿಲ್ಲ. ಅಂಥ ಗಾಡಿಯನ್ನು ರಿಪೇರಿಯಾಗುವ ತನಕ ಓಡಿಸಬೇಡಿ.

ಎತ್ತಿ ನೋಡಿ

ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಜಾಕನ್ನು ನೇರವಾಗಿ ಅದರ ಮೇಲೆ ಇಡಬೇಡಿ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಕಲ್ಲಿನ ಕೆಳಗೆ ಪೊಳ್ಳಾಗಿರುತ್ತದೆ, ಭಾರಕ್ಕೆ ಕಲ್ಲು ಪಟ್ ಅಂತ ಒಡೆಯುತ್ತದೆ. ದಪ್ಪ ಹಲಗೆ ಹಾಕಿ. ಮುಂದಿನ ಗಾಲಿಗಳಿಗೆ ಕಲ್ಲು ಕೊಡಿ. ಎತ್ತಿದ ಮೇಲೆ ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಇಡಲೇಬೇಕು. ಇಟ್ಟಿಗೆ ಬೇಡ.

ಹ್ಯಾಂಡ್ ಬ್ರೇಕ್ ಬಿಟ್ಟು, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಟಕಟಕ ಎಂದರೆ ಬೇರಿಂಗ್ ಸವೆದಿದೆ. ಆಮೇಲೆ ಉಸ್ತಾದ್ ಮಾಡಿದಂತೆ ಪಾಟಾ ಮೇಲೆ ಕೈಯಿಟ್ಟು ಗಾಲಿ ತಿರುಗಿಸಿ.

ಹೌಸಿಂಗ್ ಎಣ್ಣೆ ಇಳಿಸುವಾಗ ಮೊದಲು ಮೇಲಿನ ಪ್ಲಗ್ ಬಿಚ್ಚಿ. ಅದು ಬಿಚ್ಚಲು ಬರದಿದ್ದರೆ ಇಳಿಸಿದ ಎಣ್ಣೆಯನ್ನು ಮತ್ತೆ ಹೇಗೆ ತುಂಬುತ್ತೀರಿ, ಅಲ್ವಾ? ಇಳಿದ ಎಣ್ಣೆಯಲ್ಲಿ ಬೂದು ಬಣ್ಣದ ನುಣ್ಣನೆ ಹಿಟ್ಟು ಕಂಡರೆ ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಲೋಹದ ಚೂರು ಸಿಕ್ಕರೆ ಒಳಗಿನ ಹಲ್ಲು ಅಥವಾ ಬೇರಿಂಗ್ ಒಡೆದಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಹಳ್ಳ ದಾಟುವಾಗ ನೀರು ಹೊಕ್ಕಿದೆ.

ಎಕ್ಸೆಲ್ ಹೊರಗೆ ತೆಗೆಯುವುದು

ಡ್ರಮ್, ಶೂ, ಹ್ಯಾಂಡ್ ಬ್ರೇಕ್ ಕೇಬಲ್, ಬ್ರೇಕ್ ಪೈಪ್ ಬಿಚ್ಚಿ. ಶೂ ಕೂರುವ ಬ್ಯಾಕ್ ಪ್ಲೇಟನ್ನು ಹೌಸಿಂಗಿಗೆ ಹಿಡಿದಿರುವ ನಟ್‌ಗಳನ್ನು ತೆಗೆಯಿರಿ. ಎಕ್ಸೆಲ್ ಬ್ಯಾಕ್ ಪ್ಲೇಟ್ ಸಮೇತ ಬರುತ್ತದೆ, ಆದರೆ ಸುಮ್ನೆ ಎಳೆದರೆ ಅಲ್ಲಾಡುವುದಿಲ್ಲ. ಸ್ಲೈಡ್ ಹ್ಯಾಮರ್ (ಜಾರುವ ಭಾರದ ಹೊಡೆತದಿಂದ ಹೊರಕ್ಕೆ ಎಳೆಯುವ ಸಾಧನ) ಇಲ್ಲದಿದ್ದರೆ ಡ್ರಮ್ಮನ್ನು ಉಲ್ಟಾ ಹಾಕಿ, ಗಾಲಿಯ ನಟ್‌ಗಳನ್ನು ಎರಡು ಮೂರು ಸುತ್ತು ಮಾತ್ರ ಬಿಗಿದು, ಡ್ರಮ್ಮನ್ನು ಹೊರಕ್ಕೆ ಜಗ್ಗಿ ಜಗ್ಗಿ ಹೊಡೆಯಿರಿ. ಬರುತ್ತದೆ.

ಹೊರಗೆ ಬಂದ ಎಕ್ಸೆಲ್ ಒರೆಸಿ ಬಿಸಿಲಿಗೆ ಹಿಡಿಯಿರಿ. ಒಳತುದಿಯ ಹಲ್ಲುಗಳ ಸಾಲು ನೇರವಾಗಿರಬೇಕು. ಹಗ್ಗದಂತೆ ತಿರುಚಿದ್ದರೆ ಆ ಎಕ್ಸೆಲ್ ಮುಗಿಯಿತು. ಸೀಲ್ ಕೂರುವ ಜಾಗದಲ್ಲಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಇದ್ದರೆ ಹೊಸ ಸೀಲೂ ಸೋರುತ್ತದೆ. ಬಾಗಿದೆಯಾ ಎಂದು ಲೇತಿನಲ್ಲಿ ಡಯಲ್ ಗೇಜ್ (ಸಣ್ಣ ಬಾಗನ್ನೂ ತೋರಿಸುವ ಮಾಪಕ) ಇಟ್ಟು ತೋರಿಸಲು ಹೇಳಿ.

ಬೇರಿಂಗನ್ನು ಒಂದು ಉಕ್ಕಿನ ರಿಂಗ್ ಬಿಗಿಯಾಗಿ ಹಿಡಿದಿರುತ್ತದೆ. ಅದನ್ನು ಗ್ರೈಂಡರಿನಲ್ಲಿ ತೆಳ್ಳಗೆ ಮಾಡಿ ಚಾಣದಿಂದ ಸೀಳಬೇಕು. ಗ್ರೈಂಡರ್ ಎಕ್ಸೆಲಿಗೆ ತಾಗಬಾರದು. ತಾಗಿದ ಗೀರಿನಿಂದಲೇ ಮುಂದೆ ಬಿರುಕು ಹುಟ್ಟುತ್ತದೆ. ಹೊಸ ಬೇರಿಂಗ್, ಹೊಸ ರಿಂಗ್ ಎರಡನ್ನೂ ಪ್ರೆಸ್‌ನಲ್ಲೇ ಕೂರಿಸಿ. ಒತ್ತುವುದು ಬೇರಿಂಗಿನ ಒಳರಿಂಗಿನ ಮೇಲೆ ಮಾತ್ರ, ಹೊರರಿಂಗಿನ ಮೇಲಲ್ಲ. ಅದಕ್ಕೂ ಮುಂಚೆ ಬ್ಯಾಕ್ ಪ್ಲೇಟ್ ಎಕ್ಸೆಲಿಗೆ ಸೇರಿದೆಯಾ ನೋಡಿ.

ಈಗ ನಾನು ಕೈ ಮುಗಿದು ಹೇಳುವ ಮಾತು. ಬೇರಿಂಗ್ ಕೂರುವ ಜಾಗ ಸವೆದಿದ್ದರೆ ವೆಲ್ಡಿಂಗ್‌ನಿಂದ ತುಂಬಿಸಿ, ಲೇತಿನಲ್ಲಿ ಹೊಡೆಸಿಕೊಂಡು ಬನ್ನಿ ಅಂತ ಹಲವರು ಹೇಳುತ್ತಾರೆ. ಮಾಡಿಸಬೇಡಿ. ವೆಲ್ಡಿಂಗ್ ಶಾಖಕ್ಕೆ ಉಕ್ಕಿಗೆ ಕೊಟ್ಟ ಹದ ಹೋಗುತ್ತದೆ. ಎಕ್ಸೆಲ್ ಅಲ್ಲೇ ತುಂಡಾಗಬಹುದು. ರಿಂಗ್ ಸಡಿಲಾದರಂತೂ ಗಾಲಿ ಎಕ್ಸೆಲ್ ಸಮೇತ ಹೊರಗೆ ಜಾರುತ್ತದೆ. ಹಿಂದೆ ಮಕ್ಕಳು ಕೂತಿರುತ್ತಾರೆ. ಹೊಸ ಎಕ್ಸೆಲ್ ಹಾಕಿಸಿ.

ಕ್ರೌನ್-ಪಿನಿಯನ್ ಹೋಗಿದ್ದರೆ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಹಲ್ಲುಗಳ ನಡುವಿನ ಸಂದನ್ನು ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಹೊಂದಿಸುವುದು ನುರಿತ ಕೈಯ ಕೆಲಸ, ಮನೆಯಲ್ಲಿ ಬೇಡ.

ಜೋಡಿಸುವಾಗ ಹೊಸ ಸೀಲಿನ ತುಟಿಗೆ ಗ್ರೀಸ್ ಹಚ್ಚಿ. ಎಣ್ಣೆ ತಾಗಿದ ಶೂಗಳನ್ನು ತೊಳೆದು ಹಾಕಬೇಡಿ, ಬದಲಿಸಿ. ಡಬ್ಬದ ಮೇಲೆ 80 ಡಬ್ಲ್ಯೂ-90, ಜಿಎಲ್-5 ಎಂದಿರುವ ಗೇರ್ ಆಯಿಲನ್ನು ಮೇಲಿನ ತೂತಿನ ಅಂಚಿನಿಂದ ಹನಿಯುವ ತನಕ ತುಂಬಿ. ಬ್ರೇಕ್ ಪೈಪ್ ಬಿಚ್ಚಿದ್ದರಿಂದ ಅದರೊಳಗೆ ಹೊಕ್ಕ ಗಾಳಿ ತೆಗೆಯಬೇಕು. ಪೆಡಲ್ ಗಟ್ಟಿಯಾಗುವ ತನಕ ರಸ್ತೆಗೆ ಇಳಿಸಬೇಡಿ. ಮೊದಲ ಸಲ ಸ್ವಲ್ಪ ದೂರ ನಿಧಾನಕ್ಕೆ ಓಡಿಸಿ ಬಂದು ಗಾಲಿ ನಟ್ ಮತ್ತೆ ಬಿಗಿ ಮಾಡಿ. ರಾತ್ರಿ ಹಿಂದಿನ ಗಾಲಿಗಳ ಕೆಳಗೆ ಹಳೆ ಪೇಪರ್ ಹಾಸಿಡಿ. ಬೆಳಿಗ್ಗೆ ಪೇಪರ್ ಮೇಲೆ ಒಂದು ಹನಿಯೂ ಇರಬಾರದು.