ಗೆಳೆಯರು ಸೇರಿ ಘಾಟಿ ಕಟ್ಟುವುದು ಹೇಗೆ?

ಮಾದರಿ ರೈಲಿನ ಹುಚ್ಚಿರುವ ನಾಲ್ಕೈದು ಮಂದಿ ಒಂದೇ ಊರಿನಲ್ಲಿ ಸಿಕ್ಕಿದರೆ ಮೊದಲು ಹೊರಡುವ ಮಾತು ‘ಒಂದು ದೊಡ್ಡ ಲೇಔಟ್ ಮಾಡೋಣ’ ಎಂಬುದು. ಲೇಔಟ್ ಎಂದರೆ ಹಲಗೆಯ ಮೇಲೆ ಹಳಿ, ನಿಲ್ದಾಣ, ಗುಡ್ಡ ಕೂಡಿಸಿ ಕಟ್ಟುವ ಪುಟ್ಟ ರೈಲುಮಾರ್ಗ. ಅದರ ಬೆನ್ನಿಗೇ ಬರುವ ಪ್ರಶ್ನೆ ‘ಯಾರ ಮನೆಯಲ್ಲಿ?’. ಎಷ್ಟೋ ಯೋಜನೆಗಳು ಅಲ್ಲಿಗೇ ನಿಂತುಬಿಡುತ್ತವೆ. ಖಾಲಿ ಕೋಣೆ ಯಾರ ಬಳಿಯೂ ಇರುವುದಿಲ್ಲ. ಇದ್ದರೂ ಒಬ್ಬರ ಮನೆಯಲ್ಲಿ ಕಟ್ಟಿದ್ದು ಬರಬರುತ್ತ ಅವರೊಬ್ಬರದೇ ಆಗುತ್ತದೆ. ಅವರಿಗೆ ಬೇರೆ ಊರಿಗೆ ವರ್ಗವಾದರೆ ಎಲ್ಲರ ಶ್ರಮವೂ ಮೂಟೆ ಸೇರುತ್ತದೆ.

ಇದಕ್ಕೆ ಒಳ್ಳೆಯ ದಾರಿ ಮಾಡ್ಯೂಲ್ ಪದ್ಧತಿ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಒಂದೋ ಎರಡೋ ಹಲಗೆ ಕಟ್ಟುತ್ತಾರೆ. ರಜೆಯ ದಿನ ಯಾವುದಾದರೂ ಸಭಾಂಗಣದಲ್ಲೋ ಶಾಲೆಯ ಕೊಠಡಿಯಲ್ಲೋ ಅವನ್ನು ಸಾಲಾಗಿ ಜೋಡಿಸಿ ರೈಲು ಓಡಿಸುತ್ತಾರೆ. ಸಂಜೆ ಬಿಚ್ಚಿಕೊಂಡು ಮನೆಗೆ ಒಯ್ಯುತ್ತಾರೆ. ಇದು ನಡೆಯಬೇಕಾದರೆ ಹಲಗೆಯ ಎರಡು ತುದಿಗಳನ್ನು ಕುರಿತು ಎಲ್ಲರೂ ಕಟ್ಟುನಿಟ್ಟಾಗಿ ಒಪ್ಪಿರಬೇಕು. ನಡುವೆ ಯಾರು ಏನು ಕಟ್ಟುತ್ತಾರೆ ಎಂಬುದು ಅವರವರ ಇಷ್ಟ. ಅನೇಕ ಗುಂಪುಗಳು ಮನೆ ಯಾವ ಬಣ್ಣ, ಮರ ಯಾವ ಜಾತಿ ಎಂದು ತಿಂಗಳುಗಟ್ಟಲೆ ಚರ್ಚಿಸಿ, ತುದಿಯ ಅಳತೆಯನ್ನು ‘ಆಮೇಲೆ ನೋಡೋಣ’ ಎಂದು ಬಿಡುತ್ತವೆ. ಕ್ರಮ ತಿರುವುಮುರುವಾಗಬೇಕು.

ಮಾರ್ಗ ಆರಿಸುವುದು

ಕಲ್ಪನೆಯ ಊರೂ ಆಗಬಹುದು. ಆದರೆ ನಿಜವಾದ ಮಾರ್ಗವೊಂದನ್ನು ಆರಿಸಿಕೊಂಡರೆ ವಾದಗಳು ಬೇಗ ತೀರುತ್ತವೆ. ಕನ್ನಡಿಗರಿಗೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಗಿಂತ ಚೆಂದದ ಆಯ್ಕೆ ನನಗೆ ಕಾಣುವುದಿಲ್ಲ. ಸುಮಾರು 55 ಕಿ.ಮೀ. ದಾರಿ, 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು, 50 ಅಡಿಗೆ ಒಂದು ಅಡಿಯ ಏರು. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಈ ಮಾರ್ಗವನ್ನು ಬ್ರಾಡ್ ಗೇಜ್‌ಗೆ ಬದಲಿಸಲು 1996ರಲ್ಲಿ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಎರಡರಲ್ಲಿ ಯಾವ ಕಾಲವನ್ನು ತೋರಿಸುತ್ತೀರಿ ಎಂದು ಮೊದಲೇ ನಿರ್ಧರಿಸಿಕೊಳ್ಳಿ.

1:87 ಪ್ರಮಾಣದಲ್ಲಿ, ಅಂದರೆ ಎಲ್ಲವನ್ನೂ ನಿಜದ 87ನೇ ಒಂದು ಭಾಗಕ್ಕೆ ಇಳಿಸಿದರೂ, ಆ 55 ಕಿ.ಮೀ. ದಾರಿಗೆ 632 ಮೀಟರ್ ಹಲಗೆ ಬೇಕು. ಆದ್ದರಿಂದ ಆರಿಸಲೇಬೇಕು. ಸಕಲೇಶಪುರ, ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು, ಸುಬ್ರಹ್ಮಣ್ಯ ರೋಡ್ ಎಂಬ ನಿಲ್ದಾಣಗಳನ್ನು ತಲೆಗೊಂದರಂತೆ ಹಂಚಿಕೊಳ್ಳಿ. ಮಂದಿ ಕಡಿಮೆಯಿದ್ದರೆ ಎರಡು ತುದಿ ಮತ್ತು ಎಡಕುಮೇರಿ ಸಾಕು. ನಿಲ್ದಾಣಗಳ ನಡುವೆ ಒಂದು ಸುರಂಗದ ಬಾಯಿ, ಒಂದು ಎತ್ತರದ ಸೇತುವೆ ಬಂದರೆ ನೋಡಿದವರು ಘಾಟಿಯನ್ನು ಗುರುತಿಸುತ್ತಾರೆ.

ಪ್ರಮಾಣ

ಇದರಲ್ಲಿ ರಾಜಿ ಇಲ್ಲ, ಎಲ್ಲರದೂ ಒಂದೇ ಆಗಿರಬೇಕು. ಎಚ್‌ಒ ಎಂದರೆ 1:87, ಹಳಿಗಳ ನಡುವೆ 16.5 ಮಿ.ಮೀ. ಎನ್ ಎಂದರೆ 1:160, ನಡುವೆ 9 ಮಿ.ಮೀ. ಚಿಕ್ಕ ಫ್ಲ್ಯಾಟ್‌ಗಳಲ್ಲಿರುವವರಿಗೆ ಎನ್ ಅನುಕೂಲ. ಕೈಕೆಲಸದ ಸುಖ ಬೇಕೆನ್ನುವವರಿಗೆ ಎಚ್‌ಒ ಎನ್ನುವುದು ನನ್ನ ಅಭಿಪ್ರಾಯ. ಮುಂದಿನ ಅಳತೆಗಳೆಲ್ಲ ಅದಕ್ಕೇ. ಭಾರತದ ಬ್ರಾಡ್ ಗೇಜ್ 1,676 ಮಿ.ಮೀ. ಲೆಕ್ಕದ ಪ್ರಕಾರ ಮಾದರಿ ಹಳಿಯ ಅಗಲ 19 ಮಿ.ಮೀ. ದಾಟಬೇಕಿತ್ತು. ಅಂಗಡಿಯಲ್ಲಿ ಸಿಗುವ 16.5 ಮಿ.ಮೀ. ಹಳಿ ಯುರೋಪು, ಅಮೆರಿಕಗಳ ಗೇಜಿಗೆ ಹೊಂದುವಂಥದು. ಮೊದಲ ಲೇಔಟ್‌ಗೆ ಈ ವ್ಯತ್ಯಾಸವನ್ನು ಒಪ್ಪಿಕೊಂಡು ಮುಂದೆ ಹೋಗಿ.

ಐಸಿಎಫ್ ಎಂಬ ಹಳೆಯ ವಿನ್ಯಾಸದ ಬೋಗಿ ಈ ಪ್ರಮಾಣದಲ್ಲಿ 245 ಮಿ.ಮೀ., ಎಲ್‌ಎಚ್‌ಬಿ ಎಂಬ ಹೊಸ ವಿನ್ಯಾಸದ ಬೋಗಿ 270 ಮಿ.ಮೀ. ಉದ್ದ. ಆಟಿಕೆ ಪೆಟ್ಟಿಗೆಗಳಲ್ಲಿ ಬರುವ 457 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಇಂಥ ಉದ್ದನೆಯ ಬೋಗಿಯ ನಡುಭಾಗ ಒಳಕ್ಕೆ ಚಾಚಿ ಸುರಂಗದ ಗೋಡೆಗೆ ತಾಗುತ್ತದೆ. 610 ಮಿ.ಮೀ.ಗಿಂತ ಕಡಿಮೆ ತ್ರಿಜ್ಯ ಬೇಡ. ಎಂಜಿನ್‌ಗೆ ನಾಲ್ಕು ಐಸಿಎಫ್ ಬೋಗಿ ಸೇರಿಸಿದರೆ ರೈಲು ಸುಮಾರು 1.3 ಮೀಟರ್ ಆಗುತ್ತದೆ. ಎದುರು ರೈಲಿಗೆ ದಾರಿ ಬಿಡುವ ಕ್ರಾಸಿಂಗ್ ಹಳಿ ಇದಕ್ಕಿಂತ ಉದ್ದವಿರಬೇಕು. ಹಾಗಾಗಿ ಪ್ರತಿ ನಿಲ್ದಾಣಕ್ಕೂ 1.2 ಮೀಟರ್ ಉದ್ದದ ಎರಡು ಹಲಗೆ ಬೇಕೇ ಬೇಕು.

ಅಚ್ಚು ಮತ್ತು ಹಲಗೆ

ಕೆಲಸದ ಜೀವಾಳ ಇಲ್ಲಿದೆ. ಹಲಗೆ 1,200 × 600 ಮಿ.ಮೀ. ಇರಲಿ. 8 × 4 ಅಡಿಯ ಒಂದು ಪ್ಲೈವುಡ್ ಹಾಳೆಯಿಂದ ಇಂಥ ನಾಲ್ಕು ತುಂಡು ಸಿಗುತ್ತವೆ. ಮೇಲ್ಭಾಗಕ್ಕೆ 9 ಮಿ.ಮೀ., ಹಲಗೆಯ ಎರಡು ತುದಿಗಳಲ್ಲಿ ನಿಲ್ಲಿಸುವ ತುದಿಪಟ್ಟಿಗಳಿಗೆ 18 ಮಿ.ಮೀ. ದಪ್ಪದ ಪ್ಲೈವುಡ್ ತನ್ನಿ. ಅಂಗಡಿಯಲ್ಲೇ ಯಂತ್ರದಿಂದ ಕೊಯ್ಯಿಸಿ. ಕೈಗರಗಸದಿಂದ ನೇರವಾದ ಅಂಚು ಬರುವುದು ಕಷ್ಟ.

ಯಾರೂ ಹಲಗೆಗೆ ಕೈ ಹಾಕುವ ಮೊದಲು ಒಂದು ಅಚ್ಚು ತಯಾರಾಗಬೇಕು. 600 ಮಿ.ಮೀ. ಉದ್ದ, 100 ಮಿ.ಮೀ. ಎತ್ತರದ ಒಂದು ಪಟ್ಟಿ. ಅಲ್ಯೂಮಿನಿಯಂ ಆದರೆ ಉತ್ತಮ. ಅದರ ಮೇಲಂಚಿನ ಸರಿಮಧ್ಯೆ, 300 ಮಿ.ಮೀ.ಗೆ, ಹಳಿಯ ನಡುಗೆರೆ ಕೊರೆಯಿರಿ. ಅಲ್ಲಿಂದ ಎಡಕ್ಕೆ 150, ಬಲಕ್ಕೆ 150 ಮಿ.ಮೀ. ದೂರದಲ್ಲಿ 8 ಮಿ.ಮೀ. ಬೋಲ್ಟ್ ಹೋಗುವ ತೂತು ಕೊರೆಯಿರಿ. ‘ಮೇಲೆ’, ‘ಹೊರಗೆ’ ಎಂದು ಅಳಿಯದಂತೆ ಬರೆಯಿರಿ. ಪ್ರತಿಯೊಬ್ಬರ ತುದಿಪಟ್ಟಿಯೂ ಇದೇ ಅಚ್ಚಿನಿಂದ ತೂತು ಕೊರೆಸಿಕೊಳ್ಳಬೇಕು. ಒಬ್ಬರ ಪಟ್ಟಿ ನೋಡಿ ಇನ್ನೊಬ್ಬರು, ಅವರದು ನೋಡಿ ಮತ್ತೊಬ್ಬರು ಮಾಡಿದರೆ ಅರ್ಧರ್ಧ ಮಿಲಿಮೀಟರ್ ಸೇರುತ್ತ ಹೋಗಿ ಕೊನೆಯ ಹಲಗೆಯಲ್ಲಿ ಗಾಲಿ ಹಳಿ ತಪ್ಪುತ್ತದೆ. ಅಚ್ಚು ಒಬ್ಬರ ಜವಾಬ್ದಾರಿಯಲ್ಲಿರಲಿ, ಮನೆಯಿಂದ ಮನೆಗೆ ಹೋಗಿ ಬರಲಿ.

ತುದಿಪಟ್ಟಿ ಮೂಲೆಮಟ್ಟಕ್ಕೆ ಸರಿಯಾಗಿ ಕೂತಿದೆಯೇ ನೋಡಿ ಅಂಟು ಹಾಕಿ, ಸ್ಕ್ರೂ ಬಿಗಿಯಿರಿ. ಹಳಿಯ ಮೇಲ್ಮೈ ನೆಲದಿಂದ 1,200 ಮಿ.ಮೀ. ಎತ್ತರದಲ್ಲಿರಲಿ, ನಿಂತು ನೋಡುವವರಿಗೆ ರೈಲು ಬೊಂಬೆಯಂತೆ ಕಾಣುವುದಿಲ್ಲ. ಕಾಲುಗಳ ಕೆಳಗೆ ಏರಿಳಿಸುವ ಬೋಲ್ಟ್ ಹಾಕಿ. ಮುಂದಿನ ಕೆಲಸಕ್ಕೆ ಹೋಗುವ ಮುನ್ನ ಹಲಗೆಯ ಆರೂ ಮೈಗೆ, ಅಡಿಭಾಗವನ್ನೂ ಬಿಡದೆ, ಬಣ್ಣ ಬಳಿಯಿರಿ. ಮಳೆಗಾಲದಲ್ಲಿ ಬಣ್ಣವಿಲ್ಲದ ಒಂದು ಮೈ ತೇವ ಹೀರಿ ಉಬ್ಬಿದರೆ ಹಲಗೆ ಬಾಗುತ್ತದೆ.

ಘಾಟಿಗೆ ಏರು ಬೇಡವೇ ಎನ್ನಬಹುದು. 1:50ರ ಏರಿನಲ್ಲಿ ಒಂದು ಹಲಗೆಗೆ 24 ಮಿ.ಮೀ. ಮಾತ್ರ ಮೇಲೇರುತ್ತದೆ, ಒಂದು ಹಳಿಯ ಮೇಲೆ ಇನ್ನೊಂದನ್ನು ದಾಟಿಸಲು ಬೇಕಾದ 80 ಮಿ.ಮೀ. ಗಳಿಸಲು 4 ಮೀಟರ್ ಬೇಕು. ಮೊದಲ ವರ್ಷ ಹಳಿಯನ್ನು ಮಟ್ಟವಾಗಿಯೇ ಇಟ್ಟು, ಪಕ್ಕದ ನೆಲವನ್ನು ಕೆಳಗಿಳಿಸಿ. ಕಣಿವೆ ಆಳವಾದಂತೆ ರೈಲು ಮೇಲಿದೆ ಎಂದು ಕಣ್ಣು ತಾನಾಗಿಯೇ ಓದುತ್ತದೆ.

ಹಳಿ ಹಾಸುವುದು

ಹಲಗೆಯ ಎರಡೂ ತುದಿಯ 100 ಮಿ.ಮೀ.ನಲ್ಲಿ ಹಳಿ ನೇರವಾಗಿ, ಮಟ್ಟವಾಗಿ, ಅಂಚಿಗೆ ಲಂಬವಾಗಿ ಇರಬೇಕು. ಅಂಚಿನಿಂದ 5 ಮಿ.ಮೀ. ಒಳಗೆ, ಪ್ರತಿ ಹಳಿಯ ಅಡಿಗೂ ಒಂದೊಂದು ಹಿತ್ತಾಳೆ ಸ್ಕ್ರೂ ತಿರುಗಿಸಿ. ಸ್ಕ್ರೂವಿನ ತಲೆ ಹಳಿಯ ತಳಕ್ಕೆ ಮುಟ್ಟಿಯೂ ಮುಟ್ಟದಂತಿರುವಾಗ ನಿಲ್ಲಿಸಿ, ಬೆಸುಗೆ ಹಾಕಿ. ಇದರಿಂದ ಸಾಗಣೆಯಲ್ಲಿ ಯಾರ ತೋಳು ತಾಗಿದರೂ ಹಳಿಯ ಕೊನೆ ಅಲುಗದು. ಎರಡು ಹಲಗೆಗಳನ್ನು ಬೋಲ್ಟ್‌ನಿಂದ ಬಿಗಿದು, ಬೆರಳ ತುದಿಯನ್ನು ಹಳಿಯ ಒಳಮೈ ಮೇಲೆ ಮೆಲ್ಲಗೆ ಎಳೆಯಿರಿ. ಕಣ್ಣಿಗೆ ಕಾಣದ ಮೆಟ್ಟಿಲು ಬೆರಳಿಗೆ ತಿಳಿಯುತ್ತದೆ. ಸಣ್ಣ ಅರದಿಂದ ತೀಡಿ.

ಬೋಗಿ ಪದೇ ಪದೇ ಬೀಳುತ್ತಿದ್ದರೆ ಹಳಿಯನ್ನೇ ದೂರಬೇಡಿ. ಒಂದೇ ಆಕ್ಸಲ್‌ನ ಎರಡು ಗಾಲಿಗಳ ಒಳಮೈಗಳ ನಡುವಿನ ಅಂತರ ಸುಮಾರು 14.4 ಮಿ.ಮೀ. ಇದೆಯೇ ಅಳೆದು ನೋಡಿ.

ವಿದ್ಯುತ್

ಹಲವರು ಕೂಡಿ ಓಡಿಸುವಾಗ ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯೇ ಸೂಕ್ತ. ಪ್ರತಿ ಎಂಜಿನ್‌ನೊಳಗೆ ಆದೇಶವನ್ನು ಓದುವ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ಇರುತ್ತದೆ. ಒಂದೇ ಜೋಡಿ ತಂತಿ ವಿದ್ಯುತ್ತನ್ನೂ ಆದೇಶವನ್ನೂ ಹಳಿಗೆ ಒಯ್ಯುತ್ತದೆ. ಒಂದೇ ಹಳಿಯ ಮೇಲಿನ ಎರಡು ಎಂಜಿನ್‌ಗಳನ್ನು ಇಬ್ಬರು ಬೇರೆ ಬೇರೆಯಾಗಿ ನಡೆಸಬಹುದು. ಘಾಟಿಯ ಗೂಡ್ಸ್ ರೈಲಿಗೆ ಹಿಂದಿನಿಂದ ದೂಡುವ ಎಂಜಿನ್ ಕಟ್ಟುವ ಸಂತೋಷ ಇದರಿಂದ ಸಾಧ್ಯ.

ಹಲಗೆಯ ಅಡಿಯಲ್ಲಿ 1.5 ಚದರ ಮಿ.ಮೀ.ನ ಕೆಂಪು ಮತ್ತು ಕಪ್ಪು ತಂತಿ ಉದ್ದಕ್ಕೂ ಹೋಗಲಿ. ಜನ ನಿಂತು ನೋಡುವ ಕಡೆಯ ಹಳಿಗೆ ಕಪ್ಪು, ಆಚೆಯದಕ್ಕೆ ಕೆಂಪು. ಇದೂ ಒಪ್ಪಂದದ ಭಾಗ. ಹಳಿಯ ಪ್ರತಿ ತುಂಡಿಗೂ ಸಣ್ಣ ತಂತಿಯನ್ನು ಬೆಸೆದು ಕೆಳಗಿನ ದಪ್ಪ ತಂತಿಗೆ ಸೇರಿಸಿ. ಹಳಿ ಕೂಡಿಸುವ ಕ್ಲಿಪ್‌ಗಳನ್ನು ನಂಬಬೇಡಿ. ಹಲಗೆಯ ಎಡಕ್ಕೆ ಗಂಡು ಕನೆಕ್ಟರ್, ಬಲಕ್ಕೆ ಹೆಣ್ಣು ಇದ್ದರೆ ಅದಲುಬದಲಾಗದು. ಗೋಡೆಯ ಸಾಕೆಟ್‌ಗೆ ಹೊಂದುವ ಪ್ಲಗ್ ಇಲ್ಲಿ ಬಳಸಲೇಬಾರದು. ಸಭಾಂಗಣದ ಗಡಿಬಿಡಿಯಲ್ಲಿ ಯಾರಾದರೂ ಅದನ್ನು 230 ವೋಲ್ಟ್‌ಗೆ ಸಿಕ್ಕಿಸಿದರೆ ಜೀವಕ್ಕೇ ಅಪಾಯ.

ಇನ್ನು ಪರೀಕ್ಷೆ. ಹಳಿಗೆ ವಿದ್ಯುತ್ ಕೊಡುವ ಕಂಟ್ರೋಲರ್‌ನಿಂದ ಅತಿ ದೂರದ ಹಲಗೆಗೆ ಹೋಗಿ ಎರಡೂ ಹಳಿಗಳ ಮೇಲೆ 5 ರೂಪಾಯಿಯ ನಾಣ್ಯವನ್ನು ಅಡ್ಡ ಇಡಿ. ಕಂಟ್ರೋಲರ್ ಕೂಡಲೇ ವಿದ್ಯುತ್ ಕಡಿಯಬೇಕು. ಕಡಿಯದಿದ್ದರೆ ಎಲ್ಲೋ ಬೆಸುಗೆ ಸಡಿಲವಿದೆ ಅಥವಾ ತಂತಿ ತೆಳುವಾಯಿತು ಎಂದರ್ಥ. ಆ ಸ್ಥಿತಿಯಲ್ಲಿ ಬೋಗಿ ಹಳಿ ತಪ್ಪಿದರೆ ಗಾಲಿ, ತಂತಿ ಕರಗುವಷ್ಟು ಬಿಸಿಯಾಗಬಹುದು. ನಾಣ್ಯವನ್ನು ತಕ್ಷಣ ಎತ್ತಿ, ದೋಷ ಹುಡುಕಿ.

ಕಾಡು, ಮಣ್ಣು, ಬಂಡೆ

ಮೇಲಿನದೆಲ್ಲ ಮುಗಿದು, ಹಲಗೆಗಳು ಒಮ್ಮೆ ಜೋಡಣೆಯಾಗಿ, ಉದ್ದನೆಯ ರೈಲು ಹಿಂದಕ್ಕೂ ಮುಂದಕ್ಕೂ ನಿಲ್ಲದೆ ಓಡಿದ ಮೇಲೆಯೇ ಪ್ರಕೃತಿಗೆ ಕೈ ಹಾಕಿ. ಗುಡ್ಡ ಕಟ್ಟಿದ ನಂತರ ಅದರ ಕೆಳಗಿನ ಹಳಿ ಸರಿಪಡಿಸುವುದು ನರಕ.

ಥರ್ಮಾಕೋಲ್ ತುಂಡುಗಳನ್ನು ಪೇರಿಸಿ ಕೊಯ್ದು ಗುಡ್ಡದ ಆಕಾರ ತನ್ನಿ. ಹಳೆಯ ಬಟ್ಟೆಯ ಚೂರುಗಳನ್ನು ದೋಸೆ ಹಿಟ್ಟಿನ ಹದದ ಪ್ಲಾಸ್ಟರ್‌ನಲ್ಲಿ ಅದ್ದಿ ಹೊದಿಸಿ. ಸುರಂಗದ ಬಾಯಿಯನ್ನು ಅಂಟಿಸುವ ಮೊದಲು ಅತಿ ಉದ್ದದ ಬೋಗಿಯನ್ನು ಕೈಯಿಂದ ನೂಕಿ ನೋಡಿ. ಒಳಗೆ ಕೈ ತೂರಿಸಲು ಹಿಂದಿನಿಂದ ಕಿಂಡಿ ಬಿಡಿ.

ಮಲೆನಾಡಿನ ಕೆಂಪು ಮಣ್ಣಿಗೆ ಅಲ್ಲಿಯದೇ ಮಣ್ಣು ಸಾಟಿ. ಒಣಗಿಸಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಆಮೇಲೆ ಬಲವಾದ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಣ್ಣಿನಲ್ಲಿ ಆಡಿಸಿ. ಕಪ್ಪು ಕಣಗಳು ಅಂಟಿಕೊಂಡು ಬರುತ್ತವೆ. ಅವು ಉಳಿದರೆ ಎಂಜಿನ್‌ನ ಮೋಟರ್ ಅವನ್ನು ಸೆಳೆದುಕೊಂಡು ಕೆಡುತ್ತದೆ. ಜಲ್ಲಿಗೆ ಸಣ್ಣಗೆ ಜರಡಿ ಹಿಡಿದ ಕಲ್ಲುಪುಡಿ ಹಾಕಿ, ಅರ್ಧ ನೀರು ಅರ್ಧ ಬಿಳಿ ಅಂಟಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಇಂಕ್ ಫಿಲ್ಲರ್‌ನಿಂದ ಹನಿಸಿ. ಆ ಒಂದು ಹನಿ ಇಲ್ಲದಿದ್ದರೆ ಅಂಟು ಗುಂಡಾಗಿ ಉರುಳಿ ಜಲ್ಲಿಯನ್ನೆಲ್ಲ ಚೆದುರಿಸುತ್ತದೆ. ಹಸಿರಿಗೆ ಒಂದೇ ಡಬ್ಬಿಯ ಬಣ್ಣ ಬೇಡ: ಮಳೆ ಕಂಡ ಕಾಡಿನಲ್ಲಿ ಕಪ್ಪು ಹಸಿರೂ ಹಳದಿ ಹಸಿರೂ ಪಕ್ಕಪಕ್ಕದಲ್ಲಿರುತ್ತವೆ, ಕಾಂಕ್ರೀಟಿನ ಮೇಲೆ ಪಾಚಿ ಇರುತ್ತದೆ. ಸಿಗ್ನಲ್, ಸ್ಲೀಪರ್‌ಗಳನ್ನು ಹತ್ತಿರದಿಂದ ನೋಡಲು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ, ಮಾದರಿ ಲೇಔಟ್ ಎಷ್ಟು ದೂರ ಹೋಗಬಲ್ಲದೆಂದು ನೋಡಲು ಪುಣೆಯ ಜೋಶಿ ಅವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಗುಂಪಾಗಿ ಹೋಗಿ ಬನ್ನಿ.

ಓಡಿಸುವ ದಿನ

ಮಧ್ಯದ ಹಲಗೆಯಿಂದ ಶುರುಮಾಡಿ, ರಸಮಟ್ಟ ಇಟ್ಟು ಎತ್ತರ ಹೊಂದಿಸುತ್ತ ಎರಡೂ ಕಡೆಗೆ ಜೋಡಿಸಿ. ಎರಡು ಕೊನೆಗಳಲ್ಲಿ ಗುಡ್ಡವಿಲ್ಲದ, ಬರೀ ಹಳಿಗಳ ಯಾರ್ಡ್ ಹಲಗೆ ಇರಲಿ. ರೈಲುಗಳನ್ನು ಅಲ್ಲಿ ಕೈಯಿಂದ ತಿರುಗಿಸಬಹುದು. ಪ್ರತಿ ನಿಲ್ದಾಣಕ್ಕೆ ಒಬ್ಬರು ಸ್ಟೇಷನ್ ಮಾಸ್ಟರ್. ಮುಂದಿನವರು ‘ಲೈನ್ ಕ್ಲಿಯರ್’ ಕೊಡದೆ ಯಾರೂ ರೈಲು ಬಿಡಬಾರದು. ಒಂಟಿ ಹಳಿಯ ಮಾರ್ಗದ ನಿಜವಾದ ಆಟ ಇದೇ, ಹೊಸಬರೂ ಬಹಳ ಬೇಗ ಕಲಿಯುತ್ತಾರೆ. ವೇಗದ ಆಸೆ ಬಿಡಿ: ಘಾಟಿಯ ಗಂಟೆಗೆ 30 ಕಿ.ಮೀ. ವೇಗಕ್ಕೆ ಮಾದರಿ ರೈಲು ಒಂದು ಹಲಗೆ ದಾಟಲು 12ರಿಂದ 13 ಸೆಕೆಂಡು ತೆಗೆದುಕೊಳ್ಳಬೇಕು. ಗಡಿಯಾರ ಹಿಡಿದು ಒಮ್ಮೆ ನೋಡಿ ಹದ ಮಾಡಿಕೊಳ್ಳಿ.

ಲೆಕ್ಕದ ಪುಸ್ತಕವೊಂದು ಮೊದಲ ದಿನದಿಂದಲೇ ಇರಲಿ. ಅಚ್ಚು, ಕಂಟ್ರೋಲರ್, ಯಾರ್ಡ್ ಹಲಗೆಗಳು ಎಲ್ಲರ ಹಣದ್ದು. ಉಳಿದ ಹಲಗೆ ಕಟ್ಟಿದವರದು. ಊರು ಬಿಡುವವರು ತಮ್ಮದನ್ನು ಒಯ್ಯಬಹುದು, ಹೋದ ಊರಿನಲ್ಲಿ ಅಚ್ಚಿನ ಅಳತೆಗೇ ಹೊಸ ಗುಂಪು ಕಟ್ಟಬಹುದು. ಬಿಚ್ಚುವಾಗ ಎರಡು ಹಲಗೆಗಳನ್ನು ಎದುರುಬದುರಾಗಿ, ನಡುವೆ ಗುಡ್ಡಗಳು ತಾಗದಷ್ಟು ಅಂತರ ಬಿಟ್ಟು, ಎರಡು ತುದಿಗಳಲ್ಲಿ ಪ್ಲೈವುಡ್ ತುಂಡಿನಿಂದ ಬೋಲ್ಟ್ ಹಾಕಿ ಬಿಗಿಯಿರಿ. ಗೆದ್ದಲು ಹತ್ತದಂತೆ ನೆಲದಿಂದ ಎತ್ತರದಲ್ಲಿಡಿ. ಮತ್ತೆ ಸೇರಿಸುವ ದಿನ ಹಳಿಯ ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ಉಪ್ಪುಕಾಗದದಿಂದ ಉಜ್ಜಿದರೆ ಗೀರು ಬಿದ್ದು ಕೊಳೆ ಇನ್ನಷ್ಟು ಬೇಗ ಕೂರುತ್ತದೆ.