ಹತ್ತಿಯ ಬಿರಡೆಯಿಂದ ಹಾರಿಹೋದ ವಿಷ

ನಮ್ಮದು ಮಂಡ್ಯ ಕಡೆಯ ನಾಲೆ ಬಯಲಿನ ಊರು. ಉಳುಮೆ ಮುಗಿಸಿದ ಪವರ್ ಟಿಲ್ಲರನ್ನು ಕಾಲುವೆಯಲ್ಲೇ ತೊಳೆಯುವುದು, ಗದ್ದೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಹರಡುವುದು, ಇವೆಲ್ಲ ನಾನು ಚಿಕ್ಕಂದಿನಿಂದ ನೋಡಿದ್ದೇ. ಅದೇ ನೀರಿನಲ್ಲಿರುವ ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ, ಗಾಳಿಯ ಸಾರಜನಕ ಹಿಡಿದು ಗದ್ದೆಗೆ ಸೇರಿಸುತ್ತದೆ ಎಂದು ತಿಳಿದದ್ದು ಎಂ.ಎಸ್ಸಿ.ಗೆ ಬಂದ ಮೇಲೆ. ವಿಜ್ಞಾನಿ ಪಿ.ಕೆ. ಡೇ ಇದನ್ನು 1939ರಲ್ಲೇ ತೋರಿಸಿಕೊಟ್ಟಿದ್ದರು. ಆ ಪಾಚಿಗೆ ಡೀಸೆಲ್ ಏನು ಮಾಡುತ್ತದೆ ಎಂಬುದನ್ನೇ ಪ್ರಾಜೆಕ್ಟ್‌ಗೆ ತೆಗೆದುಕೊಂಡೆ.

ಗದ್ದೆಯಿಂದ ತಂದ ಅನಬೀನಾ ಎಂಬ ಇಂಥದೊಂದು ಪಾಚಿಯನ್ನು ನೈಟ್ರೇಟ್ ಇಲ್ಲದ ಬಿಜಿ-11 ಎಂಬ ಪೋಷಕ ದ್ರಾವಣದಲ್ಲಿ ಬೆಳೆಸಿದೆ. ಡೀಸೆಲ್ ನೀರಿಗೆ ಬೆರೆಯುವುದಿಲ್ಲವಲ್ಲ. ಹಾಗಾಗಿ ಒಂದು ಪಾಲು ಡೀಸೆಲ್‌ಗೆ ಒಂಬತ್ತು ಪಾಲು ದ್ರಾವಣ ಹಾಕಿ, ಮುಚ್ಚಿದ ಬಾಟಲಿಯಲ್ಲಿ ರಾತ್ರಿಯಿಡೀ ನಿಧಾನವಾಗಿ ತಿರುಗಿಸಿ, ತಂಗಲು ಬಿಟ್ಟು, ತಳದ ನಲ್ಲಿಯಿಂದ ನೀರಿನ ಭಾಗವನ್ನು ಮಾತ್ರ ತೆಗೆದೆ. ಬೆಂಜೀನ್, ಟಾಲ್ವೀನ್, ಕ್ಸೈಲೀನ್, ನ್ಯಾಫ್ತಲೀನ್‌ನಂಥವು ಈ ನೀರಿಗೆ ಇಳಿಯುತ್ತವೆ. ಉದ್ದ ಸರಪಳಿಯ ಎಣ್ಣೆ ಮೇಲೆಯೇ ಉಳಿಯುತ್ತದೆ.

ಮೊದಲ ಸಲ ಈ ನೀರನ್ನು ಪಾಚಿಗೆ ಸೇರಿಸಿ, ಫ್ಲಾಸ್ಕ್‌ಗಳಿಗೆ ಎಂದಿನಂತೆ ಹತ್ತಿಯ ಬಿರಡೆ ಹಾಕಿ ಏಳು ದಿನ ಇಟ್ಟೆ. ಎರಡು ದಿನ ಹಳದಿ ತಿರುಗಿದ ಪಾಚಿ ಮತ್ತೆ ಹಸಿರಾಯಿತು. 'ತಾಳಿಕೊಳ್ಳುವ ತಳಿ' ಎಂದು ಸಂತೋಷದಿಂದ ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟೆ. ಆದರೆ ಒಂದು ಬೆಳಿಗ್ಗೆ ಕಲ್ಚರ್ ರೂಮಿನ ಬಾಗಿಲು ತೆಗೆದರೆ ನುಸಿಗುಳಿಗೆಯ ವಾಸನೆ! ನುಸಿಗುಳಿಗೆ ಎಂದರೆ ನ್ಯಾಫ್ತಲೀನ್ ತಾನೇ. ನೀರನ್ನು, ಅದರಲ್ಲಿ ಯಾವುದು ಎಷ್ಟಿದೆ ಎಂದು ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್‌ಗೆ ಕಳಿಸಿ ನೋಡಿದಾಗ ಹಾಕಿದ್ದರಲ್ಲಿ ಹೆಚ್ಚಿನದೆಲ್ಲ ಹಾರಿಹೋಗಿತ್ತು. ಹೋಲಿಕೆಗೆಂದು ಪಕ್ಕದಲ್ಲಿಟ್ಟಿದ್ದ, ಡೀಸೆಲ್ ಮುಟ್ಟದ ಕಂಟ್ರೋಲ್ ಫ್ಲಾಸ್ಕ್‌ಗಳೂ ಅದೇ ಗಾಳಿ ಕುಡಿದಿದ್ದವು. ಮೂರು ತಿಂಗಳ ಲೆಕ್ಕವನ್ನೆಲ್ಲ ಹೊಡೆದುಹಾಕಿದೆ.

ಮತ್ತೆ ಶುರು ಮಾಡಿದಾಗ ಟೆಫ್ಲಾನ್ ಒಳಪದರದ ಸ್ಕ್ರೂ ಮುಚ್ಚಳವಿರುವ ಗಾಜಿನ ಬಾಟಲಿಗಳಿಗೆ ಬಂದೆ. ರಬ್ಬರ್ ಬಿರಡೆ, ಪ್ಲಾಸ್ಟಿಕ್ ತಟ್ಟೆ ಎರಡೂ ಹೈಡ್ರೋಕಾರ್ಬನ್‌ಗಳನ್ನು ಹೀರಿಕೊಳ್ಳುತ್ತವೆ, ಅವು ಬೇಡ. ಬಿಗಿಯಾಗಿ ಮುಚ್ಚಿದರೆ ಪಾಚಿಗೆ ಇಂಗಾಲದ ಡೈಆಕ್ಸೈಡ್ ಸಾಲದು, ಪಿಎಚ್ ಏರುತ್ತದೆ. ಅದಕ್ಕೆ ಸೋಡಿಯಂ ಬೈಕಾರ್ಬನೇಟ್ ಮತ್ತು ಬಫರ್ ಸೇರಿಸಿದೆ. ಕಂಟ್ರೋಲ್‌ಗೂ ಅದೇ ಬಾಟಲಿ, ಅದೇ ಮುಚ್ಚಳ. ಅವಧಿಯನ್ನು 72 ಗಂಟೆಗೆ ಇಳಿಸಿದೆ. ವಿಷವನ್ನು ಮೊದಲ ದಿನವೂ ಕೊನೆಯ ದಿನವೂ ಅಳೆದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಬೇರೇನನ್ನು ಬಿಟ್ಟರೂ ಈ ಎರಡು ಅಳತೆಗಳನ್ನು ಬಿಡಬಾರದು.

ಈ ಸಲ ಪಾಚಿ ಚೇತರಿಸಿಕೊಳ್ಳಲಿಲ್ಲ. ಮೂರನೆಯ ದಿನ ಸೆಂಟ್ರಿಫ್ಯೂಜ್ ಮಾಡಿದಾಗ ಕೋಶಗಳು ತಳ ಸೇರಿದವು, ಆದರೆ ಮೇಲಿನ ನೀರು ತಿಳಿಯಾಗಿರಲಿಲ್ಲ. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ತಿಳಿನೀಲಿ, ಪಕ್ಕದಿಂದ ನೋಡಿದರೆ ಕೆಂಪು ಹೊಳಪು. ಅದು ಫೈಕೋಸಯನಿನ್, ಕೋಶದೊಳಗೇ ಇರಬೇಕಾದ ಬಣ್ಣ. ಹೈಡ್ರೋಕಾರ್ಬನ್‌ಗಳು ಕೊಬ್ಬಿನಂಶವಿರುವ ಪೊರೆಗಳಲ್ಲಿ ಹೋಗಿ ಕೂರುತ್ತವೆ. ದ್ಯುತಿಸಂಶ್ಲೇಷಣೆ ನಡೆಯುವ ಥೈಲಕಾಯ್ಡ್ ಕೂಡ ಪೊರೆಯೇ. ಪೊರೆ ಸಡಿಲವಾದರೆ ಒಳಗಿನದು ಸೋರಿ ಹೊರಗೆ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಉದ್ದನೆಯ ಮಣಿಸರಗಳು ತುಂಡುತುಂಡಾಗಿದ್ದವು, ಹೆಚ್ಚಾಗಿ ಹೆಟೆರೋಸಿಸ್ಟ್ ಎಂಬ ಕೋಶಗಳು ಸೇರುವ ಜಾಗದಲ್ಲೇ. ಸಾರಜನಕ ಹಿಡಿಯುವ ಕೆಲಸ ನಡೆಯುವುದೇ ಆ ಕೋಶಗಳಲ್ಲಿ.

ಕ್ಲೋರೋಫಿಲ್ ಅಳತೆಯೊಂದನ್ನೇ ನಂಬಿದ್ದರೆ ಇದು ತಡವಾಗಿ ತಿಳಿಯುತ್ತಿತ್ತು. ಸತ್ತ ಕೋಶವೂ ಸ್ವಲ್ಪ ಕಾಲ ಹಸಿರಾಗಿಯೇ ಇರುತ್ತದೆ. ಸಾರಜನಕ ಹಿಡಿಯುವ ಕೆಲಸವನ್ನು ಅಳೆಯುವ ಅಸಿಟಲೀನ್ ಪರೀಕ್ಷೆಯಲ್ಲಿ ಆ ಸ್ಥಿರೀಕರಣ ಕ್ಲೋರೋಫಿಲ್ ಇಳಿಯುವುದಕ್ಕೂ ಮೊದಲೇ ಕುಸಿದಿತ್ತು. ಹಸಿರಾಗಿ ಕಾಣುವ ಗದ್ದೆ ನೀರು ಭತ್ತಕ್ಕೆ ಏನನ್ನೂ ಕೊಡದೆ ಇರಬಹುದು ಎಂದು ಹೊಳೆದಾಗ ನಿಜಕ್ಕೂ ಹೊಟ್ಟೆಯಲ್ಲಿ ಸಂಕಟವಾಯಿತು.

ಆಂತ್ರಸೀನ್‌ನಂಥ ಮೂರು ಉಂಗುರದ ಹೈಡ್ರೋಕಾರ್ಬನ್ ಅಣುಗಳ ಕಥೆ ಬೇರೆ. ಅವು ನೀರಿಗೆ ಇಳಿಯುವುದೇ ಕಡಿಮೆ, ಹಾರಿಹೋಗುವುದೂ ಕಡಿಮೆ. ಕಿಟಕಿಯ ಬಿಸಿಲಿಗಿಟ್ಟ ಬಾಟಲಿಯಲ್ಲಿ ಪಾಚಿ ಬೆಳ್ಳಗಾಯಿತು; ಟ್ಯೂಬ್‌ಲೈಟಿನ ಕೆಳಗೆ ಅಷ್ಟೇ ಪ್ರಮಾಣದಲ್ಲಿ ಅಷ್ಟು ಹಾನಿಯಾಗಲಿಲ್ಲ. ನೇರಳಾತೀತ ಕಿರಣ ಬಿದ್ದಾಗ ಆಂತ್ರಸೀನ್ ಇನ್ನಷ್ಟು ವಿಷಕಾರಿಯಾದ ಕ್ವಿನೋನ್‌ಗಳಾಗಿ ಬದಲಾಗುತ್ತದೆ.

ಬಯಲಿನ ಗದ್ದೆಯಲ್ಲಿ ಡೀಸೆಲ್‌ನ ಹಗುರ ಭಾಗ ಬೇಗ ಹಾರಿಹೋಗುತ್ತದೆ, ಅದು ಸಮಾಧಾನದ ವಿಷಯ. ಟಿಲ್ಲರ್‌ನಿಂದ ಸುರಿಯುವ ಕಪ್ಪು ಎಂಜಿನ್ ಆಯಿಲ್ ಹಾಗಲ್ಲ, ಕೆಸರಿಗೆ ಅಂಟಿಕೊಂಡು ಉಳಿಯುತ್ತದೆ, ಮೇಲೆ ನಮ್ಮ ಬಿಸಿಲು. ಈ ಮುಂಗಾರಿಗೆ ಟಿಲ್ಲರ್ ತೊಳೆಯುವ ಮಡೆಯ ಕೆಸರನ್ನೂ ಅದಕ್ಕಿಂತ ಮೇಲಿನ ಗದ್ದೆಯ ಕೆಸರನ್ನೂ ತಂದು ಪಕ್ಕಪಕ್ಕ ಇಟ್ಟು ನೋಡುತ್ತೇನೆ.