ನಿಂಜಾ ಕ್ಲಾಸನ್ನು ಹದಕ್ಕೆ ತಂದದ್ದು ಹುಣಸೆ ಬೀಜ: ನನ್ನ ಅನುಭವ

ಹೋದ ಭಾನುವಾರ ನಮ್ಮ ಮೇಜಿನ ನಿಂಜಾ ಒಂಬತ್ತನೆಯ ಲೆವೆಲ್‌ಗೆ ಏರಿದ. ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದು ಪಾತ್ರ ವಹಿಸಿ, ದಾಳ ಎಸೆದು ಕಥೆ ನಡೆಸುವ ಆಟ. ಪಾತ್ರದ ಬಗೆಗೆ ಕ್ಲಾಸ್ ಎನ್ನುತ್ತಾರೆ: ಫೈಟರ್ ಎಂದರೆ ಕಾದಾಳು, ವಿಝಾರ್ಡ್ ಎಂದರೆ ಮಾಂತ್ರಿಕ, ರೋಗ್ ಎಂದರೆ ಅಡಗಿ ಹೊಡೆಯುವ ಚಾಲಾಕಿ. ಇವರಿಗೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಹದವಾಗಿ ನಿಲ್ಲುವ ನಿಂಜಾ ಕ್ಲಾಸನ್ನು ನಾನೇ ಬರೆಯಲು ಹೊರಟಿದ್ದೆ. ಫೈಟರ್ ಆಡುವ ಗೆಳೆಯ ಮುನಿಸಿಕೊಳ್ಳಲಿಲ್ಲ, ವಿಝಾರ್ಡ್ ಆಡುವವಳು ಮೊಬೈಲ್ ಕೈಗೆತ್ತಿಕೊಳ್ಳಲಿಲ್ಲ, ನಿಂಜಾ ಆಡುವ ಹುಡುಗನಿಗೂ ತನ್ನ ಕೈ ಕಟ್ಟಿಹಾಕಿದ್ದಾರೆ ಎನ್ನಿಸಲಿಲ್ಲ. ಇಷ್ಟು ಆಗಲು ಎರಡು ವರ್ಷ ಹಿಡಿಯಿತು. "ನಿಂಜಾ ಎಂದರೆ ರೋಗ್‌ಗೆ ಕಪ್ಪು ಬಟ್ಟೆ ಸುತ್ತಿದ್ದು, ಅದಕ್ಕೇಕೆ ಬೇರೆ ಕ್ಲಾಸ್?" ಎಂದವರಿದ್ದರು. "ನೆರಳಲ್ಲಿ ಅಡಗುವ ಶ್ಯಾಡೋ ಮಾಂಕ್ ಇದೆಯಲ್ಲ, ಅದನ್ನೇ ಆಡಿಸಿ" ಎಂದವರೂ ಇದ್ದರು. ನನಗಿಂತ ಹತ್ತು ವರ್ಷ ಮೊದಲಿನಿಂದ ಆಟ ನಡೆಸುತ್ತಿರುವ ಹಿರಿಯ ಡಿಎಂ (ಡಂಜನ್ ಮಾಸ್ಟರ್) ಒಬ್ಬರು, "ಅದು ಹದಕ್ಕೆ ಬರುವ ಪಾತ್ರವಲ್ಲಪ್ಪ, ಬಿಟ್ಟುಬಿಡು" ಎಂದು ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು. ಹೋದ ತಿಂಗಳು ಅವರೇ ನಮ್ಮ ಮನೆಗೆ ಬಂದು, ಒಂದು ಆಟ ಪೂರ್ತಿ ಕೂತು ನೋಡಿ, ನಿಯಮದ ಒಂದು ಪ್ರತಿಯನ್ನು ಒಯ್ದರು. ಅದಾದ ಮೇಲೆ ಬರೆಯಲು ಧೈರ್ಯ ಬಂತು.

ನಿಂಜಾನನ್ನು ಈ ಆಟಕ್ಕೆ ತರುವ ಯತ್ನ ಹೊಸದಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ 1985ರಲ್ಲೇ ಬಂದಿತ್ತು. 2005ರಲ್ಲಿ ಅದೇ ಆಟದ ಮೂರೂವರೆ (3.5) ಆವೃತ್ತಿಗೆ ಪೂರ್ಣ ಕ್ಲಾಸ್ ಆಗಿ ಬಂತು. ಪಾತ್‌ಫೈಂಡರ್ ಎಂಬ ಇಂಥದೇ ಇನ್ನೊಂದು ಆಟದವರು 2011ರಲ್ಲಿ ರೋಗ್‌ನ ಬದಲಿ ಕ್ಲಾಸ್ ಮಾಡಿ ಕಿ (ಖರ್ಚು ಮಾಡಿ ವಿಶೇಷ ವಿದ್ಯೆ ಬಳಸುವ ಒಳಶಕ್ತಿ) ಕೊಟ್ಟರು. 2005ರದ್ದನ್ನು ನಾನು ತುಂಬ ಪ್ರೀತಿಯಿಂದ ಓದಿದ್ದೆ. ಎರಡನೆಯ ಲೆವೆಲ್‌ನಲ್ಲೇ ಒಂದು ಕಿ ಖರ್ಚು ಮಾಡಿ ಒಂದು ಸುತ್ತು ಕಣ್ಮರೆಯಾಗುವ ಘೋಸ್ಟ್ ಸ್ಟೆಪ್ ಇದೆಯಲ್ಲ, ಅದು ಇಲ್ಲದೆ ನಿಂಜಾ ಏತಕ್ಕೆ? ಆದರೆ ಅದರ ಸಡನ್ ಸ್ಟ್ರೈಕ್ (ಎಚ್ಚರ ತಪ್ಪಿದ ಶತ್ರುವಿಗೆ ಹೆಚ್ಚಿನ ಪೆಟ್ಟು) ಶತ್ರುವನ್ನು ಇಬ್ಬರು ಎರಡು ಬದಿಯಿಂದ ಸುತ್ತುವರಿದ ಮಾತ್ರಕ್ಕೆ ಕೆಲಸ ಮಾಡುವುದಿಲ್ಲ. ಪಕ್ಕದಲ್ಲೇ ಗೆಳೆಯ ಕಾದಾಡುತ್ತಿದ್ದರೂ ಅದರಿಂದ ನಿಂಜಾಗೆ ಒಂದು ದಾಳವೂ ಹೆಚ್ಚು ಸಿಗದು. ಗುಂಪಿನಲ್ಲಿದ್ದೂ ಒಂಟಿಯಾಗಿಬಿಡುವ ಪಾತ್ರ ಅದು. ಈ ಒಂಟಿತನವೇ ತೊಂದರೆಯ ಮೂಲ ಎಂದು ತಿಳಿಯಲು ನನಗೆ ನಾಲ್ಕು ಸೋಲು ಬೇಕಾದವು.

ಮೊದಲ ಕರಡಿನಲ್ಲಿ ಘೋಸ್ಟ್ ಸ್ಟೆಪ್ ಅನ್ನು ಹಾಗೆಯೇ ನಾವು ಆಡುವ ಐದನೆಯ ಆವೃತ್ತಿಗೆ ತಂದೆ: ಬೋನಸ್ ಆಕ್ಷನ್ (ಸರದಿಯಲ್ಲಿ ಸಿಗುವ ಹೆಚ್ಚುವರಿ ಚಿಕ್ಕ ಕ್ರಿಯೆ), ಒಂದು ಕಿ, ಮುಂದಿನ ಸರದಿಯವರೆಗೆ ಕಣ್ಮರೆ. ಜೊತೆಗೆ ರೋಗ್‌ನ ಸ್ನೀಕ್ ಅಟ್ಯಾಕ್, ಅಂದರೆ ಅಡಗಿ ಹೊಡೆದರೆ ಪೆಟ್ಟಿಗೆ ಸೇರುವ ಹೆಚ್ಚಿನ ದಾಳಗಳು. ಕಾಗದದ ಮೇಲೆ ತಪ್ಪೇ ಕಾಣಲಿಲ್ಲ. ಐದನೆಯ ಲೆವೆಲ್‌ನಲ್ಲಿ ದೊಡ್ಡ ಕತ್ತಿಯ ಫೈಟರ್ ಆರ್ಮರ್ ಕ್ಲಾಸ್ (ಪೆಟ್ಟು ತಗುಲಲು ಮುಟ್ಟಬೇಕಾದ ಅಂಕ) 15ರ ಎದುರು ನೂರಕ್ಕೆ 65 ಸಲ ತಗುಲಿಸಿದರೆ ಸುತ್ತಿಗೆ ಸರಾಸರಿ 14 ಚಿಲ್ಲರೆ ಪೆಟ್ಟು. ನಿಂಜಾ ಅಡ್ವಾಂಟೇಜ್‌ನಲ್ಲಿ (ಎರಡು ಸಲ ದಾಳ ಎಸೆದು ದೊಡ್ಡದನ್ನು ಹಿಡಿದು) ನೂರಕ್ಕೆ 88 ಸಲ ತಗುಲಿಸಿದರೆ 16ಕ್ಕೆ ಸ್ವಲ್ಪ ಕಡಿಮೆ. ಎರಡು ಪಾಯಿಂಟ್ ಅಂತರಕ್ಕೆ ಯಾರು ಜಗಳವಾಡುತ್ತಾರೆ? ಆದರೆ ಜಗಳವಾಯಿತು. ಮೂರು ಆಟದಲ್ಲಿ ಫೈಟರ್ ಐದು ಸಲ ನೆಲಕ್ಕೆ ಬಿದ್ದ, ನಿಂಜಾ ಒಮ್ಮೆಯೂ ಬೀಳಲಿಲ್ಲ. ಕಣ್ಣಿಗೆ ಕಾಣದವನನ್ನು ಓಗರ್ ಎಂಬ ದೈತ್ಯಜೀವಿ ಯಾಕೆ ಹುಡುಕುತ್ತದೆ? ಎದುರಿಗೆ ನಿಂತವನಿಗೇ ಸುತ್ತಿಗೊಂದು ಹದಿಮೂರು ಪಾಯಿಂಟ್‌ನ ದೊಣ್ಣೆಯೇಟು. "ನಾನು ಇವನ ಗುರಾಣಿಯಾಗಲು ಬಂದಿದ್ದೇನಾ?" ಎಂದು ಗೆಳೆಯ ದಾಳವನ್ನು ಡಬ್ಬಿಗೆ ಹಾಕಿ ಎದ್ದುಹೋದ.

ಆಗ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ, ನಿಂಜಾನನ್ನು ಸೊರಗಿಸಿದೆ. ಹಿಟ್ ಡೈ (ಜೀವಬಲ ನಿರ್ಧರಿಸುವ ದಾಳ) ಡಿ6ಕ್ಕೆ, ಅಂದರೆ ಆರು ಮುಖದ ದಾಳಕ್ಕೆ ಇಳಿಸಿದೆ, ಸ್ನೀಕ್ ಅಟ್ಯಾಕ್‌ಗೆ ನಾಲ್ಕು ಮುಖದ ಡಿ4 ಕೊಟ್ಟೆ. ಐದನೆಯ ಲೆವೆಲ್‌ನಲ್ಲಿ 27 ಹಿಟ್ ಪಾಯಿಂಟ್ (ಜೀವಬಲ). ಬೆಂಕಿಯುಂಡೆಯ ಮಂತ್ರ ಫೈರ್‌ಬಾಲ್‌ನ ಪೆಟ್ಟು ಸರಾಸರಿ 28. ಮೊದಲನೆಯ ಫೈರ್‌ಬಾಲ್‌ಗೇ ಸೇವ್ (ತಪ್ಪಿಸಿಕೊಳ್ಳಲು ಎಸೆಯುವ ದಾಳ) ತಪ್ಪಿತು, ಹುಡುಗ ಬಿದ್ದ. ಎರಡನೆಯ ಆಟದಲ್ಲೂ ಅದೇ. "ಅಣ್ಣಾ, ಇದರ ಬದಲು ನಾನು ಕ್ಲೆರಿಕ್ ಆಡುತ್ತೇನೆ" ಎಂದ. ಮೂರನೆಯ ಕರಡಿನಲ್ಲಿ ಪೆಟ್ಟನ್ನು ಮೊದಲಿನಂತೆಯೇ ಮಾಡಿ, ಘೋಸ್ಟ್ ಸ್ಟೆಪ್ ದಿನಕ್ಕೆ ಮೂರೇ ಸಲ ಎಂದೆ. ಆದರೆ ಮಲಗಿ ಎದ್ದರೆ ಆ ಮೂರೂ ಮರಳಿ ಸಿಗುತ್ತವೆ. ಮೂರು ಸಲ ಮುಗಿದ ತಕ್ಷಣ ಇಡೀ ಗುಂಪು ಡೇರೆ ಹಾಕಿ ಮಲಗಿತು. ಕಥೆಯೊಳಗೆ ಇನ್ನೂ ಬೆಳಗಿನ ತಿಂಡಿಯ ಹೊತ್ತು.

ನಾಲ್ಕನೆಯ ಸೋಲಿನಲ್ಲಿ ನನಗೆ ಬುದ್ಧಿ ಬಂತು. ಆ ಹೊತ್ತಿಗೆ ನಿಂಜಾಗೆ ಸ್ಟೆಲ್ತ್ (ಅಡಗುವ ಕೌಶಲ) +10 ಇತ್ತು. ಸಾಮಾನ್ಯ ಕಾವಲುಗಾರನ ಪ್ಯಾಸಿವ್ ಪರ್ಸೆಪ್ಷನ್ (ದಾಳ ಎಸೆಯದೆಯೇ ಗಮನಿಸುವ ಅಂಕ) 12. ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿದ್ದರೆ ಮಾತ್ರ ಸಿಕ್ಕಿಬೀಳುತ್ತಾನೆ. ಪಾಸ್ ವಿದೌಟ್ ಟ್ರೇಸ್ ಎಂಬ ಮಂತ್ರದಿಂದ ಇನ್ನೊಂದು ಹತ್ತು ಸೇರಿದರೆ ದಾಳ ಎಸೆಯುವುದೇ ವ್ಯರ್ಥ. ಹಾಗಾಗಿ ಪ್ರತಿ ಕೋಟೆಗೂ ಅವನೊಬ್ಬನೇ ಮುಂದೆ ಹೋಗುತ್ತಿದ್ದ. ಒಂದು ದಿನ ಅನುಮಾನ ಬಂದು ಮೊಬೈಲ್‌ನಲ್ಲಿ ಸಮಯ ಹಿಡಿದೆ. ನಾಲ್ಕು ಗಂಟೆಯ ಆಟದಲ್ಲಿ ಎಪ್ಪತ್ತು ನಿಮಿಷ ನಾನು ಮತ್ತು ಆ ಹುಡುಗ ಇಬ್ಬರೇ ಮಾತಾಡಿದ್ದೇವೆ. ಉಳಿದ ಮೂವರು ಕೋಡುಬಳೆ ತಿಂದಿದ್ದಾರೆ. ಪೆಟ್ಟಿನ ಲೆಕ್ಕವನ್ನು ತಿಂಗಳುಗಟ್ಟಲೆ ತಿದ್ದಿದ ನಾನು ಈ ಲೆಕ್ಕವನ್ನು ಒಮ್ಮೆಯೂ ಹಾಕಿರಲಿಲ್ಲ. ನಿಂಜಾ ಹೆಚ್ಚಾಗಿ ಕಬಳಿಸುತ್ತಿದ್ದುದು ಹಿಟ್ ಪಾಯಿಂಟ್ ಅಲ್ಲ, ಮೇಜಿನ ಹೊತ್ತು.

ಇಷ್ಟರಲ್ಲಿ ಹಣವೂ ಕರಗಿತ್ತು. ಮೊದಲು ಬೆಂಗಳೂರಿನ ಒಂದು ಕೆಫೆಯಲ್ಲಿ ಆಡುತ್ತಿದ್ದೆವು, ತಲೆಗೆ ಗಂಟೆಗೆ ನೂರು ರೂಪಾಯಿ. ಐದು ಜನ, ನಾಲ್ಕು ಗಂಟೆ, ಅಲ್ಲಿಗೆ ಎರಡು ಸಾವಿರ, ಕಾಫಿ ಬೇರೆ. ನಿಯಮ ತಪ್ಪಿದ್ದರಿಂದ ಕೆಟ್ಟುಹೋದ ಐದಾರು ಆಟಗಳ ಬಾಡಿಗೆಯನ್ನು ನಾನೇ ಕೊಟ್ಟೆ, ಗೆಳೆಯರಿಂದ ಕೇಳಲು ಮನಸ್ಸಾಗಲಿಲ್ಲ. ಕಿ ಲೆಕ್ಕಕ್ಕೆಂದು ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ಬಿಲ್ಲೆಗಳಿಗೆ ಎರಡೂವರೆ ಸಾವಿರದಷ್ಟು ಹೋಯಿತು, ಈಗ ಅವು ಮೂಲೆಯ ಡಬ್ಬದಲ್ಲಿವೆ. ಒಂಟಿ ಓಡಾಟಕ್ಕೆ ಕಡಿವಾಣ ಹಾಕಲು ಮೂರು ನಿಮಿಷದ ಮರಳು ಗಡಿಯಾರ ತರಿಸಿದೆ, ಏಳುನೂರು ರೂಪಾಯಿ. ಮರಳು ಇಳಿಯುವುದನ್ನು ನೋಡಿ ಹುಡುಗ ಎಷ್ಟು ಗಡಿಬಿಡಿಯಲ್ಲಿ ಮಾತಾಡಿದನೆಂದರೆ ಅವನು ಯಾವ ಕಿಟಕಿಯಿಂದ ಒಳಗೆ ಹೋದನೆಂದು ನನಗೇ ತಿಳಿಯಲಿಲ್ಲ. ಅದನ್ನೂ ಎತ್ತಿಟ್ಟೆ. ಕಾಫಿ ಇತ್ಯಾದಿ ಎಲ್ಲ ಸೇರಿ ಒಟ್ಟು ಹತ್ತೊಂಬತ್ತು ಇಪ್ಪತ್ತು ಸಾವಿರ ಆಗಿರಬೇಕು. ಆಮೇಲೆ ಮೈಸೂರಿಗೆ ಬಂದು ಮನೆಯಲ್ಲೇ ಆಡತೊಡಗಿದ ಮೇಲೆ ಬಾಡಿಗೆ ಉಳಿಯಿತು.

ನಡುವೆ ಎರಡು ಪ್ರಯೋಗ ಮಾಡಿದೆ. ಮುಖ್ಯ ದಾರಿಗೆ ಸೇರಿದವಲ್ಲ, ಆದರೂ ಹೇಳಬೇಕು. ಜಪಾನಿನ ಇಗಾ, ಕೋಗಾ ಪ್ರದೇಶಗಳ ನಿಜವಾದ ಶಿನೋಬಿಗಳ (ನಿಂಜಾಗಳ) ಬಗ್ಗೆ ಓದುವಾಗ 1681ರ ಶೋನಿಂಕಿ ಎಂಬ ಕೈಪಿಡಿಯಲ್ಲಿ ಏಳು ವೇಷಗಳ ಪಟ್ಟಿ ಸಿಕ್ಕಿತು: ಕೊಳಲೂದುವ ಕೊಮುಸೋ ಸನ್ಯಾಸಿ, ಬೌದ್ಧ ಭಿಕ್ಷು, ಬೆಟ್ಟದ ಯಮಬುಶಿ, ವ್ಯಾಪಾರಿ, ಬೀದಿಯಾಟದವನು, ಸರುಗಾಕು ನಟ, ಕೊನೆಗೆ ಊರಿನ ಸಾಮಾನ್ಯ ಮನುಷ್ಯ. ಕಣ್ಮರೆಯನ್ನೇ ಕಿತ್ತುಹಾಕಿ ಈ ಏಳು ವೇಷ ಕೊಟ್ಟು ನೋಡಿದೆ. ಬಹಳ ಚೆನ್ನಾಗಿ ನಡೆಯಿತು, ಊರಿನೊಳಗೆ ಮಾತ್ರ. ಗುಹೆಯಲ್ಲಿ ಗಾಬ್ಲಿನ್‌ಗಳ ಮುಂದೆ ವ್ಯಾಪಾರಿಯ ವೇಷ ಹಾಕಿ ಏನು ಮಾಡುವುದು? ಆದರೂ ಕೊನೆಯ ವೇಷ, ಸಾಮಾನ್ಯ ಮನುಷ್ಯನದು, ಈಗಿನ ಕ್ಲಾಸ್‌ನಲ್ಲಿ ಮೂರನೆಯ ಲೆವೆಲ್‌ಗೆ ಉಳಿದುಕೊಂಡಿದೆ. ಸರಿಯಾಗಿ ಬಳಸುವ ಆಟಗಾರನ ಕೈಯಲ್ಲಿ ಅದು ಘೋಸ್ಟ್ ಸ್ಟೆಪ್‌ಗಿಂತ ಹರಿತ.

ಇನ್ನೊಂದು, ಕಣ್ಣಿಗೆ ಬೂದಿ ಎರಚುವ ಮೆತ್ಸುಬುಶಿ. ಮೊಟ್ಟೆಗೆ ಸೂಜಿಯಿಂದ ತೂತು ಮಾಡಿ ಖಾಲಿ ಮಾಡಿ, ಒಣಗಿಸಿ, ಒಲೆಯ ಬೂದಿ ಜರಡಿ ಹಿಡಿದು ತುಂಬಿಸಿ ತಾರಸಿಯ ಗೋಡೆಗೆ ಎಸೆದು ನೋಡಿದೆ. ಮೊದಲ ಎರಡು ಕೈಯಲ್ಲೇ ಒಡೆದವು. ಮೂರನೆಯದು ಗೋಡೆಗೆ ಬಡಿದಾಗ ಬೂದಿ ಒಂದು ಮಾರಿನಷ್ಟು ಅಗಲಕ್ಕೆ ಹರಡಿತು, ಗಾಳಿಗೆ ಒಂದೇ ಉಸಿರಿನಲ್ಲಿ ಚದುರಿಹೋಯಿತು. ಹಾಗಾಗಿ ನನ್ನ ನಿಯಮದಲ್ಲಿ ಅದು ಐದಡಿಯ ಒಂದು ಚೌಕ, ಒಂದು ಸುತ್ತು, ಅಷ್ಟೇ. ಇಪ್ಪತ್ತು ಅಡಿ ಹೊಗೆ ಕೊಡುವ ನಿಯಮಗಳನ್ನು ಬರೆದವರು ಒಂದು ಮೊಟ್ಟೆ ಎಸೆದು ನೋಡಲಿ.

ಈಗ ಬೀಜದ ವಿಷಯ. ಒಂದು ಮಧ್ಯಾಹ್ನ ಅಮ್ಮ ಮೊಮ್ಮಗಳ ಜೊತೆ ಚೌಕಾಬಾರ ಆಡುತ್ತಿದ್ದರು. ಒಡೆದ ಹುಣಸೆ ಬೀಜಗಳನ್ನು ಕಲ್ಲಿನ ನೆಲಕ್ಕೆ ಹಾಕಿದಾಗ ಬಂದ ಸದ್ದಿಗೆ ಒಳಗೆ ಕೂತಿದ್ದ ನಾನು ತಿರುಗಿ ನೋಡಿದೆ. ಹಾಗೆ ತಿರುಗಿ ನೋಡುವುದೇ ಕಾವಲುಗಾರನ ಕೆಲಸ ಎಂದು ಆ ಕ್ಷಣ ಹೊಳೆಯಿತು. ಡಬ್ಬಿಯಿಂದ ಒಂದು ಹಿಡಿ ಇಡೀ ಬೀಜ, ಅಡುಗೆಮನೆಯಿಂದ ಒಂದು ಸ್ಟೀಲ್ ಬಟ್ಟಲು ತಂದೆ. ಅಂದೇ ರಾತ್ರಿ ನಿಯಮ ಬರೆದೆ.

ನಿಂಜಾ ಏನು ಬೇಕಾದರೂ ಮಾಡಲಿ, ಎಷ್ಟು ಸಲ ಬೇಕಾದರೂ ಮಾಡಲಿ. ದಿನದ ಮಿತಿ ಇಲ್ಲ, ಕಿ ಇಲ್ಲ. ಆದರೆ ಮಾಡಿದ್ದಕ್ಕೆಲ್ಲ ಸದ್ದು ಇದೆ. ಘೋಸ್ಟ್ ಸ್ಟೆಪ್‌ಗೆ ಒಂದು ಬೀಜ, ಬೂದಿ ಮೊಟ್ಟೆಗೆ ಒಂದು, ಕತ್ತಲಲ್ಲಿ ಒಬ್ಬನನ್ನು ಉರುಳಿಸಿದರೆ ಎರಡು. ಗೋಡೆ ಹತ್ತುವುದು, ಜಿಗಿಯುವುದು ಉಚಿತ. ಅಷ್ಟೂ ಬಾರದವನು ನಿಂಜಾ ಹೇಗಾದಾನು? ಬೀಜವನ್ನು ಅವನೇ ತನ್ನ ಕೈಯಿಂದ ಬಟ್ಟಲಿಗೆ ಹಾಕಬೇಕು. ಬಟ್ಟಲು ಎಷ್ಟಕ್ಕೆ ತುಂಬುತ್ತದೆ ಎಂಬುದು ನನಗೊಬ್ಬನಿಗೇ ಗೊತ್ತು. ತುಂಬಿದಾಗ ಇಡೀ ಕೋಟೆ ಎಚ್ಚರಗೊಳ್ಳುತ್ತದೆ. ಆ ಸಂಖ್ಯೆಯನ್ನು ಹೇಗೆ ಆರಿಸುತ್ತೇನೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನನ್ನ ಮೇಜಿನವರೂ ಓದುತ್ತಾರೆ. ಮೊದಲು ಎಲ್ಲ ಕಡೆ ಐದು ಎಂದು ಇಟ್ಟಿದ್ದೆ, ಅದು ತೀರಾ ಕಡಿಮೆಯಾಯಿತು ಎಂಬಷ್ಟು ಹೇಳಬಲ್ಲೆ.

ಇಷ್ಟರಿಂದಲೇ ಹದ ಬಂದಿರಲಿಲ್ಲ. ಎರಡು ವಾರ ನಿಂಜಾ ಬರೀ ಅಂಜುಬುರುಕನಾದ. ಹದ ಬಂದದ್ದು ಬಟ್ಟಲಿಗೆ ಉಳಿದವರ ಕೈಯನ್ನೂ ಬಿಟ್ಟಾಗ. ಜೊತೆಗಾರರಲ್ಲಿ ಯಾರಾದರೂ ತಮ್ಮ ಸರದಿಯಲ್ಲಿ ಬಟ್ಟಲಿನಿಂದ ಮೂರು ಬೀಜದವರೆಗೆ ತೆಗೆದುಕೊಳ್ಳಬಹುದು. ತೆಗೆದುಕೊಂಡವನ ಕಡೆಗೆ ಶತ್ರುಗಳು ತಿರುಗುತ್ತಾರೆ, ಅವನ ಮುಂದಿನ ಪೆಟ್ಟಿಗೆ ಬೀಜಕ್ಕೊಂದು ಡಿ6 ಸೇರುತ್ತದೆ. ನಿಂಜಾ ಮಾಡಿದ ಸದ್ದು ಫೈಟರ್‌ನ ಕತ್ತಿಗೆ ಬಲವಾಗುತ್ತದೆ. ಹಿಂದೆಯೂ ಓಗರ್ ಅವನನ್ನೇ ಹೊಡೆಯುತ್ತಿತ್ತು, ಈಗ ಅವನೇ ಕರೆದು ಹೊಡೆಸಿಕೊಳ್ಳುತ್ತಾನೆ, ಅದಕ್ಕೆ ಪ್ರತಿಫಲವೂ ಇದೆ. ಒಂಟಿ ಓಡಾಟದಲ್ಲಿ ಮೂರನೆಯ ಬೀಜ ಬಿದ್ದ ಕೂಡಲೇ ದೃಶ್ಯ ಉಳಿದವರ ಕಡೆ ಹೊರಳಲೇಬೇಕು. ಆ ಸದ್ದು ಏನೆಂದು ಹೇಳುವ ಹಕ್ಕು ನಿಂಜಾನದಲ್ಲ, ಅವರದು.

ಇದನ್ನು ಮೊದಲ ಸಲ ಆಡಿಸಿದ ಸಂಜೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹುಡುಗ ಕೋಟೆಯ ಅಟ್ಟದಲ್ಲಿದ್ದ, ಬಟ್ಟಲಲ್ಲಿ ಎರಡು ಬೀಜ. ಮೂರನೆಯದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಟ್ಟಲ ಮೇಲೆ ಕೈ ತಡೆದ. ಕೋಡುಬಳೆ ಅಗಿಯುವುದನ್ನೂ ನಿಲ್ಲಿಸಿ ಎಲ್ಲರೂ ಅವನ ಬೆರಳನ್ನೇ ನೋಡುತ್ತಿದ್ದರು. ಬಿಟ್ಟ. ಟಣ್ ಎಂದಿತು. ವಿಝಾರ್ಡ್ ಆಡುವವಳು ಯಾರೂ ಕೇಳುವ ಮೊದಲೇ, "ಹೆಂಚು ಜಾರಿತು. ಅಂಗಳದಲ್ಲಿ ಬಿದ್ದು ಒಡೆಯಿತು" ಎಂದಳು. ಹಿಂದೆ ಮುನಿಸಿಕೊಂಡು ಎದ್ದುಹೋಗಿದ್ದ ಗೆಳೆಯ ತೋಳು ಮಡಚಿ ಬಟ್ಟಲಿಗೆ ಕೈ ಹಾಕಿ, "ಮೂರೂ ನನಗಿರಲಿ. ಹೆಬ್ಬಾಗಿಲು ಒದೆಯುತ್ತೇನೆ" ಎಂದ. ಆ ಕ್ಷಣದಲ್ಲಿ ಇದು ಗೆದ್ದಿತು ಎಂದು ನನಗೆ ಗೊತ್ತಾಯಿತು.

ಅಲ್ಲಿಂದ ಈಚೆಗೆ ಹನ್ನೊಂದು ಹನ್ನೆರಡು ಆಟ ಆಗಿರಬೇಕು. ಫೈಟರ್ ಐದು ಸಲ ಬಿದ್ದಿದ್ದಾನೆ, ನಿಂಜಾ ನಾಲ್ಕು ಸಲ. ಪೆಟ್ಟಿನ ಮೊತ್ತದಲ್ಲಿ ಫೈಟರ್ ಹತ್ತಾದರೆ ನಿಂಜಾ ಒಂಬತ್ತು, ಸ್ನೀಕ್ ಅಟ್ಯಾಕ್ ಪೂರ್ತಿ ಡಿ6ರಲ್ಲೇ ಇದ್ದೂ. ಎಪ್ಪತ್ತು ನಿಮಿಷದ ಒಂಟಿ ಮಾತು ಇಪ್ಪತ್ತಕ್ಕೆ ಇಳಿದಿದೆ. ಇಷ್ಟು ಸರಳವಾಗಿ ಇದನ್ನು ಬಗೆಹರಿಸಿದ ನಿಯಮವನ್ನು ನಾನು ಬೇರೆಲ್ಲೂ ಕಂಡಿಲ್ಲ. 2023ರ ಜನವರಿಯಲ್ಲಿ ಐದನೆಯ ಆವೃತ್ತಿಯ ಮೂಲ ನಿಯಮಗಳ ಕಡತ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂದಿರುವುದರಿಂದ, ಮೂಲದ ಹೆಸರು ನಮೂದಿಸಿ ಒಂಬತ್ತು ಪುಟದ ಪುಸ್ತಿಕೆ ಮಾಡಿ ನೂರಿಪ್ಪತ್ತು ರೂಪಾಯಿಗೆ ಕೊಡುತ್ತಿದ್ದೇನೆ. ಅರವತ್ತರ ಹತ್ತಿರ ಹೋಗಿವೆ. ಹಾಕಿದ ಹಣದ ಮೂರನೇ ಒಂದು ಭಾಗ ಬಂದಂತಾಯಿತು.

ಮಾಡಿ ನೋಡುವವರಿಗೆ ಎರಡು ಮಾತು. ಬಟ್ಟಲು ಸ್ಟೀಲಿನದೇ ಇರಲಿ, ತಳ ತೆಳ್ಳಗಿರಲಿ. ಪ್ಲಾಸ್ಟಿಕ್ ಬಟ್ಟಲಿನಲ್ಲಿ ಒಮ್ಮೆ ಆಡಿಸಿದೆ, ಬೀಜ ಬಿದ್ದದ್ದು ಯಾರಿಗೂ ಕೇಳಿಸಲಿಲ್ಲ, ಆಟ ಸಪ್ಪೆಯಾಯಿತು. ಮತ್ತೆ, ಐದನೆಯ ಆವೃತ್ತಿಯ 2014ರ ನಿಯಮದಲ್ಲಿ ಹನ್ನೊಂದನೆಯ ಲೆವೆಲ್‌ಗೆ ರೋಗ್‌ಗಿರುವ ರಿಲಯಬಲ್ ಟ್ಯಾಲೆಂಟನ್ನು (ದಾಳ ಎಷ್ಟೇ ಕಡಿಮೆ ಬಿದ್ದರೂ ಹತ್ತೆಂದು ಎಣಿಸುವ ಸಾಮರ್ಥ್ಯ) ಈ ಕ್ಲಾಸ್‌ಗೆ ಕೊಡಬೇಡಿ. ಡೆಕ್ಸ್ಟೆರಿಟಿಯಿಂದ (ಚುರುಕುತನ) ಐದು, ಎಕ್ಸ್‌ಪರ್ಟೀಸ್‌ನಿಂದ (ಪರಿಣತಿ) ಎಂಟು, ದಾಳದ ಕನಿಷ್ಠ ಹತ್ತು ಸೇರಿ 23ಕ್ಕಿಂತ ಕೆಳಗೆ ಸ್ಟೆಲ್ತ್ ಇಳಿಯುವುದೇ ಇಲ್ಲ, ಒಂಟಿ ಓಡಾಟ ಮತ್ತೆ ತಲೆಯೆತ್ತುತ್ತದೆ. ಅದರ ಬದಲಿಗೆ ಏನು ಕೊಡಬೇಕೆಂದು ಬರೆದಿಟ್ಟಿದ್ದೇನೆ. ನಮ್ಮ ಹುಡುಗ ಇನ್ನೆರಡು ಲೆವೆಲ್ ಏರಿದ ಮೇಲೆ ಬಟ್ಟಲಿಟ್ಟು ಅದನ್ನು ಪರೀಕ್ಷಿಸುತ್ತೇನೆ.